ರೇಡಿಯೋದಲ್ಲಿ ನಾನು ತಟ್ಟಿದ ಜೋಳದ ರೊಟ್ಟಿ

ತಲೆಕೂದಲು ಬೆಳ್ಳಗಾದವರು ಸುಳ್ಳು ಹೇಳುವುದಿಲ್ಲ ಎಂದು ಜನ ಯಾಕೆ ನಂಬುತ್ತಾರೋ ನನಗೆ ತಿಳಿಯದು. ಲೋಕಲ್ ಟ್ರೇನಿನಲ್ಲಿ ಮೊಣಕಾಲು ಹಿಡಿದುಕೊಂಡು ಮುಖ ಹಿಂಡಿದರೆ ಸಾಕು, ಕಿಟಕಿ ಪಕ್ಕದ ಸೀಟು ಸಿಗುತ್ತದೆ. ನನ್ನ ಮೊಣಕಾಲು ಗಟ್ಟಿಯಾಗಿಯೇ ಇದೆ. ಇಂಥ ಸಣ್ಣಪುಟ್ಟದರಲ್ಲಿ ನನ್ನ ಕೈ ಪಳಗಿದ್ದು ನಿಜ. ಆದರೆ ಈಚೆಗೆ ಒಂದು ಸುಳ್ಳನ್ನು ಇಡೀ ಮುಂಬಯಿಗೆ ಕೇಳುವ ಹಾಗೆ ಹೇಳಿಬಿಟ್ಟೆ. ಆ ಕತೆಯನ್ನೇ ಈಗ ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಟೈಪಿಂಗ್ ಕಲಿಸಿದ ಮೊಮ್ಮಗಳಿಗೆ ಕನ್ನಡ ಓದಲು ಬರುವುದಿಲ್ಲ, ಅದೇ ಧೈರ್ಯ.

ನಾನು ಕುಂದಾಪುರ ಕಡೆಯವಳು. ಮದುವೆಯಾಗಿ ಮುಂಬಯಿಯ ಒಂದು ಚಾಳಿನ ಒಂಟಿ ಕೋಣೆಯ ಮನೆಗೆ ಬಂದು, ಈಗ ಭಾಂಡುಪಿನಲ್ಲಿ ಮಗನ ಜೊತೆಗಿದ್ದೇನೆ. ಸೊಸೆ ಮರಾಠಿಯವಳು, ಬಂಗಾರದಂಥ ಹುಡುಗಿ. ನನ್ನ ಮುರುಕು ಮರಾಠಿಗೆ ಅವಳು ಒಂದು ದಿನವೂ ನಕ್ಕಿಲ್ಲ. ಅವಳ ಮೀನುಸಾರಿಗೆ ನಾನು ನಕ್ಕಿದ್ದೇನೆ, ಅದು ಬೇರೆ ಮಾತು. ಮೊಮ್ಮಗಳ ಕನ್ನಡ "ಅಜ್ಜಿ, ಊಟ ಆಯ್ತಾ" ಎಂಬಲ್ಲಿಗೆ ಮುಗಿದು, ನಾನು ಉತ್ತರ ಕೊಡುವ ಮೊದಲೇ ಹಿಂದಿಗೆ ಇಳಿದುಬಿಡುತ್ತದೆ. ಮಗ ಆಫೀಸಿನಿಂದ ಬಂದಾಗ ಯಾವ ಭಾಷೆಯಲ್ಲೂ ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ. ಹಾಗಾಗಿ ನನ್ನ ಕಿವಿಗೆ ಹೊಟ್ಟೆ ತುಂಬುವುದು ಭಾನುವಾರ ಬೆಳಿಗ್ಗೆ ಮಾತ್ರ. ರೇಡಿಯೋದಲ್ಲಿ ಒಂದು ಗಂಟೆ ಕನ್ನಡ ಮಾತುಕತೆ ಬರುತ್ತದೆ, ಯಾರು ಬೇಕಾದರೂ ಫೋನ್ ಮಾಡಬಹುದು. ಸ್ಮಿತಾ ಎಂಬ ಹುಡುಗಿ ಅದನ್ನು ನಡೆಸುತ್ತಾಳೆ. ಫೋನ್ ಮಾಡಿದವರು ಮೊದಲು ಊರಿನ ಹೆಸರು, ಆಮೇಲೆ ಮನೆ ಹತ್ತಿರದ ರೈಲ್ವೆ ಸ್ಟೇಷನ್ನಿನ ಹೆಸರು, ನೆನಪಾದರೆ ಕೊನೆಗೆ ತಮ್ಮ ಹೆಸರು ಹೇಳುತ್ತಾರೆ. ಕುಚ್ಚಲಕ್ಕಿ ಯಾವ ಅಂಗಡಿಯಲ್ಲಿ ಒಳ್ಳೆಯದು, ಯಾರ ಮಗನಿಗೆ ಹೆಣ್ಣು ಬೇಕು, ಕೆಮ್ಮಿಗೆ ಯಾವ ಕಷಾಯ, ಎಲ್ಲವೂ ಅಲ್ಲೇ ಇತ್ಯರ್ಥ.

ಒಂದು ಭಾನುವಾರ ಸ್ಮಿತಾಳ ದನಿ ಸಪ್ಪಗಿತ್ತು. ಕರೆಗಳು ತೀರಾ ಕಡಿಮೆಯಾಗಿವೆಯಂತೆ, ಹೀಗೇ ಆದರೆ ಈ ಗಂಟೆಯನ್ನು ಹಿಂದಿ ಹಾಡಿಗೆ ಕೊಡುತ್ತೇವೆಂದು ಮೇಲಿನವರು ಹೇಳಿದ್ದಾರಂತೆ. ಕೂಡಲೇ ಫೋನ್ ಮಾಡಿ ಕೆಸುವಿನೆಲೆಯ ಬಗ್ಗೆ ಮಾತಾಡಿದೆ. ಆದರೆ ಭಾಂಡುಪಿನ ಒಬ್ಬಳು ಅಜ್ಜಿ ಎಷ್ಟು ಸಲ ಮಾತಾಡಿಯಾಳು? ಮತ್ತೆ, ಫೋನ್ ಮಾಡುವವರೆಲ್ಲ ನಮ್ಮ ಕರಾವಳಿಯವರೇ. ಕಟ್ಟಡದ ಕೆಲಸಕ್ಕೆ, ವಾಚ್‌ಮನ್ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದವರು ಇಷ್ಟೊಂದು ಜನ ಇದ್ದಾರೆ, ಅವರ ದನಿ ಮಾತ್ರ ಕೇಳಿದ್ದೇ ಇಲ್ಲ. ಅವರ ಪರವಾಗಿ ನಾನೇ ಯಾಕೆ ಮಾತಾಡಬಾರದು ಅನ್ನಿಸಿತು. ಹಿಂದೆ ಚಾಳಿನಲ್ಲಿ ಪಕ್ಕದ ಖೋಲಿಯಲ್ಲಿ ವಿಜಯಪುರದ ಗಂಡ ಹೆಂಡತಿ ಇದ್ದರು. ನಡುವಿನ ಗೋಡೆ ತೆಳ್ಳಗಿತ್ತು, ಅವರ ಜಗಳ ಕೇಳಿ ಕೇಳಿಯೇ ನಾನು ಆ ಮಾತು ಕಲಿತಿದ್ದೆ.

ಮುಂದಿನ ಭಾನುವಾರ ನನ್ನ ಹೆಸರಿನ ಕರೆ ಮುಗಿಸಿ, ಸ್ವಲ್ಪ ನೀರು ಕುಡಿದು, ದನಿ ದಪ್ಪ ಮಾಡಿಕೊಂಡು ಮತ್ತೆ ಫೋನ್ ಮಾಡಿದೆ. ಊರು ವಿಜಯಪುರ, ಈಗ ಬೊರಿವಲಿ, ಹೆಸರು ಗಂಗವ್ವ ಅಂದೆ. ಅಲ್ಲಿಯವರೆಗೆ ಚೆನ್ನಾಗಿಯೇ ನಡೆಯಿತು. ಆಮೇಲೆ ಸ್ಮಿತಾ, ಜೋಳದ ರೊಟ್ಟಿ ಹೇಗೆ ಮಾಡುತ್ತೀರಿ ಗಂಗವ್ವ ಎಂದು ಕೇಳಿಬಿಟ್ಟಳು. ಜಗಳ ಕೇಳಿದ್ದೆನೇ ಹೊರತು ಅವರ ಅಡಿಗೆ ಮನೆಗೆ ನಾನು ಇಣುಕಿರಲಿಲ್ಲ. ಹಿಂದೆಗೆಯುವಂತಿಲ್ಲ. ಹಿಟ್ಟಿಗೆ ಅರ್ಧ ತೆಂಗಿನಕಾಯಿ ತುರಿದು ಹಾಕಿ, ಬಾಳೆ ಎಲೆಯ ಮೇಲೆ ತಟ್ಟಿ, ತೆಂಗಿನೆಣ್ಣೆ ಸವರಿ ಬೇಯಿಸಬೇಕೆಂದು ವಿಜಯಪುರದ ಮಾತಿನಲ್ಲಿ ಕುಂದಾಪುರದ ಅಕ್ಕಿರೊಟ್ಟಿ ಮಾಡಿ ಮುಗಿಸಿದೆ.

ರೇಡಿಯೋಕ್ಕೆ ಬೆಂಕಿ ಬಿತ್ತು. ಅಷ್ಟು ದಿನ ಸುಮ್ಮನೆ ಕೇಳುತ್ತಿದ್ದವರೆಲ್ಲ ಎದ್ದು ಕೂತರು. ನಮ್ಮ ಭಾಂಡುಪಿನವನೇ ಒಬ್ಬ ವಾಚ್‌ಮನ್, "ಕಾಯಿ ಒಡಿಯಾಕ ಅದೇನು ಗಣಪ್ಪನ ಪೂಜಿ ಏನ್ರಿ?" ಎಂದು ಕೇಳಿದ. ಗೋಡೆ ಕಟ್ಟುವ ಇನ್ನೊಬ್ಬ, ಆ ಗಂಗವ್ವನ ಗಂಡ ಇನ್ನೂ ಮನೆಯಲ್ಲಿದ್ದಾನೋ ಓಡಿಹೋದನೋ ಎಂದು ವಿಚಾರಿಸಿದ. ನಾನು ರೇಡಿಯೋದ ಎದುರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆ. ಕೊನೆಗೆ ದಹಿಸರಿನಿಂದ ಶಾಂತವ್ವ ಎಂಬ ಹೆಂಗಸಿನ ಕರೆ ಬಂತು. ಮನೆಮನೆಗೆ ರೊಟ್ಟಿ ಮಾಡಿಕೊಡುವವಳಂತೆ.

"ಆಕಿಗೆ ಬೈಬ್ಯಾಡ್ರಿ," ಅಂದಳು. "ತವರಿಗೆ ಹೋಗಿ ಎಷ್ಟ್ ದಿನ ಆಗೈತೋ ಏನೋ, ರೊಟ್ಟಿನೂ ಮರತಾಳ. ಗಂಗವ್ವ, ಕೇಳಾಕತ್ತಿ ಏನವಾ? ದಹಿಸರಕ್ಕ ಬಾ. ನನ್ನ ಮನಿನ ನಿನ್ನ ತವರು ಅನ್ಕೊ."

ನನ್ನ ನಗು ಅಲ್ಲೇ ನಿಂತಿತು. ಕಣ್ಣು ಯಾಕೆ ಒದ್ದೆ ಎಂದು ಸೊಸೆ ಕೇಳಿದಾಗ ಈರುಳ್ಳಿ ಅಂದೆ. ಈರುಳ್ಳಿ ಅವಳ ಕೈಯಲ್ಲಿತ್ತು.

ಮರುದಿನ ಸ್ಮಿತಾ ಫೋನ್ ಮಾಡಿ, ಗಂಗವ್ವ ಇದ್ದಾರಾ ಎಂದು ಕೇಳಿದಳು. ಇಲ್ಲಿ ಅಂಥವರು ಯಾರೂ ಇಲ್ಲ ಅಂದೆ. ಹುಡುಗಿ ನಕ್ಕು ನಕ್ಕು ಸುಸ್ತಾದಳು. ಕರೆ ಮಾಡಿದವರ ನಂಬರು ಅವರಿಗೆ ಕಾಣಿಸುತ್ತದಂತೆ, ಇಬ್ಬರು ಅಜ್ಜಿಯರದ್ದೂ ಒಂದೇ ನಂಬರಂತೆ. ದನಿ ಬದಲಿಸಲು ಅಷ್ಟು ಕಷ್ಟಪಟ್ಟವಳಿಗೆ ಇದು ಹೊಳೆಯಲೇ ಇಲ್ಲ. ಆದರೆ ಅಷ್ಟು ಕರೆಗಳು ಯಾವ ಭಾನುವಾರವೂ ಬಂದಿರಲಿಲ್ಲವಂತೆ, ಮೇಲಿನವರು ಹಿಂದಿ ಹಾಡಿನ ಮಾತು ಬಿಟ್ಟಿದ್ದಾರಂತೆ. "ಶಾಂತವ್ವ ನಿಮ್ಮನ್ನ ಕೇಳ್ತಾನೇ ಇದ್ದಾರೆ ಅಜ್ಜಿ. ನೀವೇ ಏನಾದರೂ ಮಾಡಿ," ಎಂದು ಶಾಂತವ್ವನ ವಿಳಾಸ ಕೊಟ್ಟಳು.

ಏನು ಮಾಡುವುದು? ಹೋಗದಿದ್ದರೆ, ಕರೆದರೂ ತವರಿಗೆ ಬಾರದ ಗಂಗವ್ವನಿಗಾಗಿ ಆ ಹೆಂಗಸು ಕೊರಗುತ್ತಾಳೆ. ಹೋದರೆ, ಇಲ್ಲದ ಗಂಗವ್ವನನ್ನು ಎಲ್ಲಿಂದ ತರಲಿ? ಭಾನುವಾರ ಮನೆಯಲ್ಲಿ ಏನೋ ನೆಪ ಹೇಳಿ, ದಾದರಿನಲ್ಲಿ ಟ್ರೇನು ಬದಲಿಸಿ ದಹಿಸರಿಗೆ ಹೋದೆ. ದಾರಿಯುದ್ದಕ್ಕೂ ಬಾಯಲ್ಲಿ ವಿಜಯಪುರದ ಮಾತು ಉರುಹೊಡೆಯುತ್ತಿದ್ದೆ. ಅವಳು ಬಾಗಿಲು ತೆಗೆದು, ಹಿಟ್ಟಿನ ಕೈಯಲ್ಲೇ ಬರ್ರಿ ಅಂದಾಗ ಅದೆಲ್ಲ ಹಾರಿಹೋಯಿತು.

"ನಾ ಗಂಗವ್ವ ಅಲ್ಲ ಮಾರಾಯ್ತಿ. ನಾ ಕುಂದಾಪ್ರದೋಳು," ಅಂದೆ.

"ಗೊತ್ತೈತ್ರಿ. ಬಾಳಿ ಎಲಿ ಅಂದಾಗನ ಗೊತ್ತಾತು," ಅಂದಳು ಶಾಂತವ್ವ, ಮಣೆ ಸರಿಸಿಕೊಡುತ್ತ. "ಈ ಊರಾಗ ನಮ್ಮ ಮಂದಿನ ನಮ್ಮ ಮಾತು ಮುಚ್ಚಿಟ್ಕೊಂಡು ಹಿಂದಿ ಆಡ್ತಾರ. ಅಂಥಾದ್ರಾಗ ಯಾರೋ ಒಬ್ಬಾಕಿ ಬೇಕಂತ ನಮ್ಮಾಕಿ ಆಗಾಕ ಹೊಂಟಾಳಲ್ಲ, ಆಕಿ ಮಾರಿ ನೋಡಬೇಕನಿಸ್ತು."

ನಾನು ಮಣೆಯ ಮೇಲೆ ಕೂತೆ. ಒಂದು ರೊಟ್ಟಿ ನನ್ನ ಕೈಯಿಂದ ತಟ್ಟಿಸಿದಳು. ಅದು ಮೂರು ಕಡೆ ಹರಿಯಿತು. ಅದನ್ನು ತಾನಿಟ್ಟುಕೊಂಡು, ತನ್ನದನ್ನು ನನ್ನ ತಟ್ಟೆಗೆ ಹಾಕಿದಳು. ಅಷ್ಟರಲ್ಲಿ ಕಾರ್ಯಕ್ರಮ ಶುರುವಾಯಿತು. ಶಾಂತವ್ವ ಕೈ ಒರೆಸಿಕೊಂಡು ಫೋನ್ ಹಚ್ಚಿದಳು. ಸ್ಮಿತಾ ಕಿಲಾಡಿ, ಎಲ್ಲರಿಗೂ ಕೇಳುವಂತೆಯೇ ಗಂಗವ್ವ ಸಿಕ್ಕರಾ ಎಂದು ವಿಚಾರಿಸಿದಳು. ಶಾಂತವ್ವ ನನ್ನ ಕಡೆ ನೋಡಿದಳು.

"ಸಿಕ್ಕಾಳ್ರಿ," ಅಂದಳು. "ತವರಿಗೆ ಬಂದಾಳ. ಬಾಯಾಗ ರೊಟ್ಟಿ ಐತಿ, ಈಗ ಮಾತಾಡಂಗಿಲ್ಲ."

ಬಾಯಲ್ಲಿದ್ದ ರೊಟ್ಟಿ ಆಗಲೇ ಗಂಟಲಿಗೆ ಇಳಿದಿತ್ತು. ಮಾತಿಗೆ ಯಾವತ್ತೂ ತಡವರಿಸದ ನಾನು, ಅವಳ ಮಾತು ನಿಜವಾಗಲೆಂದು ಗಡಿಬಿಡಿಯಿಂದ ಇನ್ನೊಂದು ತುಂಡು ಮುರಿದು ಬಾಯಿಗೆ ತುರುಕಿಕೊಂಡೆ.