ಭಾಗ್ಯಜ್ಯೋತಿಗೆ ಸ್ವಲ್ಪ ಆರಾಮಿಲ್ಲ

ಹೆಸರು ಬರೆಯುವಾಗ ಬಸವಲಿಂಗ ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡಿದ್ದ. ಫೋನಿನ ಆಟ ಕೇಳಿದ್ದು ಇಷ್ಟೇ: ಕತೆಯಲ್ಲಿ ಬರುವ ಹುಡುಗಿಗೆ ಏನು ಹೆಸರಿಡುತ್ತೀರಿ? ಬೇರೆ ಯಾವ ಹೆಣ್ಣಿನ ಹೆಸರು ಬರೆದರೂ ಒಂದಲ್ಲ ಒಂದು ದಿನ ಹೆಂಡತಿಯ ಕಣ್ಣಿಗೆ ಬೀಳುತ್ತದೆ. ಆಮೇಲೆ ಅವಳು ಯಾರು, ಯಾವ ಊರಿನವಳು, ಎಷ್ಟು ದಿನದಿಂದ ನಡೆದಿದೆ ಎಂದು ವಿಚಾರಣೆ ಶುರುವಾಗುತ್ತದೆ. ಅದಕ್ಕೇ ಅವನು ಹೆಂಡತಿಯ ಹೆಸರನ್ನೇ ಬರೆದ. ಭಾಗ್ಯಜ್ಯೋತಿ. ಮದುವೆಯಾದ ಗಂಡಸು ಇದಕ್ಕಿಂತ ಹುಷಾರಾಗಿರುವುದು ಸಾಧ್ಯವಿರಲಿಲ್ಲ.

ಆ ಹುಡುಗಿ ದಿನಾ ಸಂಜೆ ಸಾಯುತ್ತಾಳೆ ಎಂಬುದು ಮಾತ್ರ ಆಗ ಅವನಿಗೆ ಗೊತ್ತಿರಲಿಲ್ಲ.

ಸೇಡಂನ ಬೇಳೆ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದ ಬಸವಲಿಂಗನಿಗೆ ಈ ಚಟ ಹಚ್ಚಿದವನು ಮೊಬೈಲ್ ಅಂಗಡಿಯ ಮುಜೀಬ. ಇದರಲ್ಲಿ ಗುಂಡು ಹಾರಿಸುವುದಿಲ್ಲ, ಕಾರು ಓಡಿಸುವುದಿಲ್ಲ. ಚಿತ್ರವಿರುವ ಇಂಗ್ಲಿಷ್ ಕಾದಂಬರಿ ಓದಿದ ಹಾಗೆ ಓದುತ್ತ ಹೋಗಬೇಕು. ನಡುನಡುವೆ ಕತೆ ನಿಂತು, ಈಗೇನು ಮಾಡುತ್ತೀರಿ ಎಂದು ಕೇಳುತ್ತದೆ. ಕೊಟ್ಟ ಉತ್ತರಗಳಲ್ಲಿ ಒಂದನ್ನು ಒತ್ತಬೇಕು. ಕಥಾನಾಯಕನ ಹತ್ತಿರ ಒಂದು ಹಳೇ ಗಡಿಯಾರ. ಅದರ ಮುಳ್ಳು ಹಿಂದಕ್ಕೆ ತಿರುಗಿಸಿದರೆ ಅದೇ ದಿನದ ಬೆಳಗು ಮತ್ತೆ ಬರುತ್ತದೆ. ಬಂದ ಬೆಳಗಿನಲ್ಲಿ ಏನಾದರೂ ಮಾಡಿ ಸಂಜೆ ಸೇತುವೆಯ ಮೇಲೆ ಸಾಯುವ ಗೆಳತಿಯನ್ನು ಉಳಿಸಬೇಕು. ಬಸವಲಿಂಗ ಅವಳನ್ನು ಸೇತುವೆಗೆ ಹೋಗದಂತೆ ತಡೆದ, ಮನೆಯಲ್ಲಿ ಕೂಡಿಹಾಕಿದ, ಬೇರೆ ಊರಿನ ರೈಲು ಹತ್ತಿಸಿದ. ಎಲ್ಲಿಗೆ ಕಳಿಸಿದರೂ ಅವಳು ಹೋಗಿ ಅಲ್ಲಿ ಸತ್ತಳು. ಮಿಲ್ಲಿನಲ್ಲಿ ತೊಗರಿ ಚೀಲ ಇಳಿಸಿಕೊಳ್ಳುವಾಗಲೂ ಅವನಿಗೆ ಅದೇ ಚಿಂತೆ.

ಕೊನೆಗೆ ಕಡೆಯ ಅಧ್ಯಾಯ ಬಂತು. ಬಂದದ್ದು ಸರಿಯಾಗಿ, ಶಹಾಬಾದಿನಲ್ಲಿ ಭಾಗ್ಯಜ್ಯೋತಿಯ ಅಣ್ಣನ ಕೂಸಿಗೆ ತೊಟ್ಟಿಲು ಇದ್ದ ದಿನವೇ. ಸೋದರತ್ತೆಯಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಅವಳೇ ಆದ್ದರಿಂದ ಮೊದಲೇ ತವರಿಗೆ ಹೋಗಿದ್ದಳು. ಹೋಗುವಾಗ, “ತಂಗಿ ಲಗ್ನದಾಗೂ ಅಕ್ಕಿಕಾಳು ಬಿದ್ದ ಮ್ಯಾಲ ಬಂದ್ರಿ. ಈ ಸಲ ಬರಲಿಲ್ಲಂದ್ರ ಬೀಗರ ಮುಂದ ನನ್ನ ಮಾರಿ ಎಲ್ಲಿ ಇಟ್ಕೊಳ್ಲಿ?” ಎಂದು ಹೇಳಿಯೇ ಹೋಗಿದ್ದಳು. ಅವಳು ಸಿಟ್ಟಿನಿಂದ ಹೇಳಿದ್ದರೆ ಸರಿಯಿತ್ತು. ಮೆಲ್ಲಗೆ ಹೇಳಿದ್ದಳು.

ಬೆಳಿಗ್ಗೆ ಫೋನ್ ಬಂತು. “ಏನ್ರೀ, ಹೊಂಟ್ರೇನು?”

“ಭಾಗ್ಯಾ, ನಂಗ ಸ್ವಲ್ಪ ಆರಾಮಿಲ್ಲ. ಮೈ ಸುಡ್ಲಿಕತ್ತದ,” ಎಂದು ಬಸವಲಿಂಗ ನರಳಿದ. ಜ್ವರಕ್ಕೆ ಬೇಕಿಲ್ಲದಿದ್ದರೂ ಒಂದೆರಡು ಸಲ ಕೆಮ್ಮಿದ.

“ಹೌದೇನ್ರಿ. ಹಂಗಿದ್ರ ಮಲ್ಕೋರಿ,” ಎಂದಳು.

ಅವನಿಗೆ ಎದೆಯಲ್ಲಿ ಸಣ್ಣಗೆ ಚುಚ್ಚಿತು. ಆದರೆ ಕೈ ಆಗಲೇ ಆಟ ತೆರೆದಿತ್ತು. ಈ ಸಲ ಎಲ್ಲ ಉತ್ತರಗಳನ್ನೂ ಅಳೆದು ತೂಗಿ ಒತ್ತಿದ. ಕತೆಯಲ್ಲಿ ಸಂಜೆಯಾಯಿತು, ಸೇತುವೆ ಬಂತು, ಹುಡುಗಿ ಸತ್ತಳು. ಬಸವಲಿಂಗ ತಡೆಯಲಾರದೆ ಮುಜೀಬನಿಗೆ ಫೋನ್ ಹಚ್ಚಿ, ಅಡುಗೆಮನೆಯ ಕಿಟಕಿ ತೆರೆದಿರುವುದನ್ನು ನೋಡದೆ ಗೋಳಾಡಿದ. “ಭಾಗ್ಯಜ್ಯೋತಿ ಮತ್ತ ಸತ್ತಳೋ ಮುಜೀಬ. ಎಷ್ಟು ಮಾಡಿದ್ರೂ ಉಳೀಲಿಲ್ಲ. ಇನ್ನ ನನ್ನ ಕೈಲೆ ಆಗೂದಿಲ್ಲ.”

ಪಕ್ಕದ ಮನೆಯಲ್ಲಿ ತಾಟೊಂದು ನೆಲಕ್ಕೆ ಬಿದ್ದ ಸಪ್ಪಳವಾಯಿತು.

ಪಕ್ಕದ ಮನೆ ಗುರುಲಿಂಗಮ್ಮನದು. ಓಣಿಯಲ್ಲಿ ಯಾರ ಮನೆಯ ಸಾರಿಗೆ ಉಪ್ಪು ಹೆಚ್ಚಾದರೂ ಅವರಿಗೆ ಮೊದಲು ಗೊತ್ತಾಗುತ್ತಿತ್ತು. ಕೈಗೆ ಹತ್ತಿದ ಜೋಳದ ಹಿಟ್ಟನ್ನೂ ತೊಳೆಯದೆ ಅವರು ಒಳಗೆ ಬಂದಾಗ ಬಸವಲಿಂಗ ಗಡಬಡಿಸಿ ಚಾದರ ಹೊದ್ದುಕೊಂಡ. ಜ್ವರದ ಸುಳ್ಳು ಈ ಕಾಕೂಗೆ ಗೊತ್ತಾದರೆ ಮಧ್ಯಾಹ್ನದೊಳಗೆ ಶಹಾಬಾದಿಗೆ ಮುಟ್ಟುತ್ತದೆ ಎಂಬ ಭಯ ಅವನಿಗೆ.

“ತಮ್ಮಾ, ಭಾಗ್ಯಾ ಹ್ಯಾಂಗದಾಳಪ?” ಅವರು ಹಿಟ್ಟಿನ ಕೈಯನ್ನೇ ಎದೆಯ ಮೇಲೆ ಇಟ್ಟುಕೊಂಡು ಕೇಳಿದರು.

“ಆರಾಮ ಅದಾಳ್ರಿ ಕಾಕೂ. ಅಕಿಗೇನಾಗ್ಯದ.”

ಗುರುಲಿಂಗಮ್ಮ ಅವನ ಕೆಂಪಗಾದ ಕಣ್ಣು ನೋಡಿದರು. ರಾತ್ರಿಯೆಲ್ಲ ಫೋನು ನೋಡಿದ ಕಣ್ಣು ಅದು. ಅವರಿಗೆ ಅತ್ತ ಕಣ್ಣಿನ ಹಾಗೆ ಕಂಡಿತು. “ಹೌದಪ, ಆರಾಮ ಅದಾಳ,” ಎಂದು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹೊರಟುಹೋದರು. ಬಸವಲಿಂಗ ನಿಟ್ಟುಸಿರು ಬಿಟ್ಟು ಗಡಿಯಾರದ ಮುಳ್ಳನ್ನು ಮತ್ತೊಮ್ಮೆ ಹಿಂದೆ ತಿರುಗಿಸಿದ.

ಕತೆಯ ಬೆಳಗು ಇನ್ನೂ ಪೂರ್ತಿ ಹರಿದಿರಲಿಲ್ಲ, ಗುರುಲಿಂಗಮ್ಮ ಮತ್ತೆ ಬಂದರು. ಈ ಸಲ ಜೊತೆಗೆ ಗಂಡ ನಾಗೇಂದ್ರಪ್ಪನೂ ಇದ್ದರು. ಬಾಗಿಲಲ್ಲಿ ಶೌಕತ ಅಲಿಯ ಬಾಡಿಗೆ ಕ್ರೂಸರ್ ಗಾಡಿ ಗುರುಗುಡುತ್ತಿತ್ತು.

“ಏಳಪ, ಅಂಗಿ ಹಾಕ್ಕೋ,” ಎಂದರು ನಾಗೇಂದ್ರಪ್ಪ, ಅವನ ಮುಖ ನೋಡದೆ. “ಶಹಾಬಾದಿಗೆ ಫೋನ್ ಮಾಡಿದ್ವಿ. ಭಾಗ್ಯಾಗ ಸ್ವಲ್ಪ ಆರಾಮಿಲ್ಲಂತ.”

“ಗಾಬರಿ ಆಗಬ್ಯಾಡ,” ಎಂದು ಗುರುಲಿಂಗಮ್ಮ ಸೇರಿಸಿದರು. “ಹೋಗಿ ನೋಡ್ಕೊಂಡು ಬರೂಣು.”

ಬಸವಲಿಂಗನ ಕೈಯಿಂದ ಫೋನು ಹಾಸಿಗೆಗೆ ಜಾರಿತು.

ನಮ್ಮ ಕಡೆ ಯಾರೂ ಫೋನಿನಲ್ಲಿ ಸತ್ತ ಸುದ್ದಿ ಹೇಳುವುದಿಲ್ಲ. ತೀರಿಕೊಂಡ ಮುದುಕಪ್ಪನನ್ನು ಅಂಗಳದಲ್ಲಿ ಗೋಡೆಗೆ ಆನಿಸಿ ಕೂಡಿಸಿ, ಭಜನೆಯವರು ಬಂದು ತಾಳ ಹಿಡಿದಿದ್ದರೂ, ದೂರದ ಊರಿನ ಮಗಳಿಗೆ ಹೇಳುವ ಮಾತು ಒಂದೇ: ಸ್ವಲ್ಪ ಆರಾಮಿಲ್ಲ, ಬಂದು ಹೋಗು. ಅದರ ಹಿಂದೆಯೇ ಗಾಬರಿ ಆಗಬ್ಯಾಡ ಎಂದರೆ ಮುಗಿಯಿತು, ಕೇಳಿದವರು ಅಲ್ಲೇ ನೆಲಕ್ಕೆ ಕೂತುಬಿಡುತ್ತಾರೆ. ಹಿಂದೊಮ್ಮೆ ಮನೆಯಲ್ಲಿ ಸಾವಾದಾಗ ಚಿಂಚೋಳಿಯ ಚಿಕ್ಕಪ್ಪನಿಗೆ ಬಸವಲಿಂಗ ತಾನೇ ಹೀಗೆ ಫೋನ್ ಮಾಡಿದ್ದ. ಆ ಮಾತಿನ ತೂಕ ಅವನಿಗೆ ಗೊತ್ತಿತ್ತು.

“ಕಾಕಾ, ಖರೇ ಹೇಳ್ರಿ. ಏನಾಗ್ಯದ?”

“ಏನೂ ಆಗಿಲ್ಲಪ. ಗಾಡಿ ಹತ್ತು.”

ಏನೂ ಆಗಿಲ್ಲ ಎಂದದ್ದೇ ಅವನ ಉಳಿದ ಧೈರ್ಯವನ್ನೂ ಕಳೆಯಿತು. ಹೆಂಡತಿಗೆ ಫೋನ್ ಹಚ್ಚಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮಾವನಿಗೆ ಹಚ್ಚಿದ. ಹಿಂದೆ ಮಂದಿಯ ಗದ್ದಲ, ಕುರ್ಚಿ ಎಳೆಯುವ ಸಪ್ಪಳ, ಹೆಂಗಸರ ದನಿ. “ಹಾಂ, ಅಳಿಯಂದ್ರು. ಮೊದಲ ಬರ್ರಿ ನೀವು, ಫೋನ್‌ನ್ಯಾಗ ಏನು ಮಾತಾಡೂದು,” ಎಂದು ಮಾವ ಫೋನಿಟ್ಟರು. ಬಸವಲಿಂಗ ಅಂಗಿಯ ಗುಂಡಿಯನ್ನು ಮೇಲೆ ಕೆಳಗೆ ಹಾಕಿಕೊಂಡು ಗಾಡಿ ಹತ್ತಿದ.

ಗಾಡಿಯಲ್ಲಿ ಎದುರು ಮನೆಯ ಟೀಚರ್ ಉಮಾದೇವಿಯೂ ಕೂತಿದ್ದರು. ಗುರುಲಿಂಗಮ್ಮ ಪೆಟ್ಟಿಗೆಯಲ್ಲಿನ ಇಳಕಲ್ ಸೀರೆ ಉಟ್ಟಿದ್ದರು. ಅವರ ತೊಡೆಯ ಮೇಲೆ ಹೂವಿನ ಬುಟ್ಟಿ. ಹೂ ನೋಡಿದ್ದೇ ಬಸವಲಿಂಗ ಆ ಕಡೆ ಮುಖ ತಿರುಗಿಸಿದ. ಉಮಾದೇವಿಯ ಮೈಯಿಂದ ಪೌಡರಿನ ವಾಸನೆ ಬರುತ್ತಿತ್ತು, ಕಾಲ ಬಳಿ ಬಣ್ಣದ ಕಾಗದ ಸುತ್ತಿದ ಡಬ್ಬಿಯೊಂದಿತ್ತು. ಇವೆಲ್ಲ ಅವನ ಕಣ್ಣಿಗೆ ಬಿದ್ದವು, ತಲೆಗೆ ಹೋಗಲಿಲ್ಲ. ಗಾಡಿ ಚಿತ್ತಾಪುರ ದಾಟಿತು.

ವಾಡಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಸಿಮೆಂಟಿನ ಗೂಡ್ಸು ಒಂದೊಂದೇ ಡಬ್ಬಿ ಎಳೆದುಕೊಂಡು, ಹೊಟ್ಟೆ ತುಂಬ ಮೇಯ್ದ ಎಮ್ಮೆಯ ಹಾಗೆ ಹೋಗುತ್ತಿತ್ತು. ಬಸವಲಿಂಗ ಕಿಸೆಯಿಂದ ಫೋನು ತೆಗೆದ. ಮತ್ತೆ ಹೆಂಡತಿಗೆ ಹಚ್ಚಬೇಕೆಂದರೆ ತೆರೆದುಕೊಂಡದ್ದು ಆಟ. ಗಡಿಯಾರದ ಚಿತ್ರ, ಕೆಳಗೆ ಅದೇ ಪ್ರಶ್ನೆ: ಬೆಳಗಿಗೆ ಮರಳಿ ಹೋಗುತ್ತೀರಾ?

ಅವನು ಹೌದು ಎಂಬುದನ್ನು ಒತ್ತಿದ. ಗೂಡ್ಸು ಹೋಗುತ್ತಲೇ ಇತ್ತು. ಮತ್ತೆ ಒತ್ತಿದ. ಅವನಿಗೆ ಬೇಕಾದ ಬೆಳಗು ಒಂದೇ, ಹೊಂಟ್ರೇನು ಎಂದು ಹೆಂಡತಿ ಕೇಳಿದ ಬೆಳಗು. ಆಗ ಬಸವಲಿಂಗನ ದುಃಖದ ಕಟ್ಟೆ ಒಡೆಯಿತು.

“ಕಾಕೂ, ನಂಗ ಜ್ವರಾನೂ ಇಲ್ಲ, ಮಣ್ಣೂ ಇಲ್ಲ,” ಎಂದು ಬಿಕ್ಕಿದ. “ಈ ಆಟದ ಸಲುವಾಗಿ ಅಕಿಗೆ ಸುಳ್ಳು ಹೇಳಿದೆ. ತಂಗಿ ಲಗ್ನಕ್ಕ ತಡಾ ಆಗಿದ್ದೂ ಬಸ್ ಕೆಟ್ಟಿದ್ದಕ್ಕಲ್ಲ. ಚಹಾದಂಗಡಿಯಾಗ ಕ್ರಿಕೆಟ್ ನೋಡ್ಲಿಕತ್ತಿದ್ದೆ. ಇನ್ನೊಂದು ಸಲ ಅಕಿ ಕರೀಲಿ, ಉಟ್ಟ ಬಟ್ಟಿ ಮ್ಯಾಲ ಹೋಗ್ತೀನಿ.”

ನಾಗೇಂದ್ರಪ್ಪ ಕೆಮ್ಮಿದರು. ಉಮಾದೇವಿ ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದರು. ಅವರ ಭುಜ ಅಲುಗುತ್ತಿತ್ತು. ಎಷ್ಟು ಒಳ್ಳೆಯ ಮಂದಿ, ನನ್ನ ದುಃಖಕ್ಕೆ ತಾವೂ ಅಳುತ್ತಿದ್ದಾರೆ ಎಂದು ಬಸವಲಿಂಗನಿಗೆ ಇನ್ನಷ್ಟು ಅಳು ಬಂತು.

ಶಹಾಬಾದಿನ ಮನೆಯ ಮುಂದೆ ಶಾಮಿಯಾನ ಹಾಕಿತ್ತು. ಬಾಗಿಲ ತುಂಬ ಚಪ್ಪಲಿ. ಬಸವಲಿಂಗ ಗಾಡಿ ನಿಲ್ಲುವ ಮೊದಲೇ ಜಿಗಿದು, “ಭಾಗ್ಯಾ, ನನ್ನ ಬಿಟ್ಟು ಹೋದೇನ,” ಎಂದು ಕೂಗುತ್ತ ಒಳಗೆ ನುಗ್ಗಿದ. ಬೀಗರು ಕುರ್ಚಿಯಿಂದ ಎದ್ದು ನಿಂತರು. ಶರಬತ್ತು ಹಂಚುತ್ತಿದ್ದವನು ಗೋಡೆಗೆ ಒತ್ತಿಕೊಂಡ.

ಒಳಮನೆಯಿಂದ ಆರತಿ ತಟ್ಟೆ ಹಿಡಿದು, ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿದು ಭಾಗ್ಯಜ್ಯೋತಿ ಬಂದಳು. ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಬಂದ್ರೇನು? ಜ್ವರ ಇಳೀತೇನ್ರಿ?”

ಬಸವಲಿಂಗ ಅಲ್ಲೇ ಚಾಪೆಯ ಮೇಲೆ ಕುಸಿದ. ಸಂತೋಷಕ್ಕೆ ಅಂಗಿಯ ತುದಿಯಿಂದ ಕಣ್ಣು ಒರೆಸಿಕೊಂಡ. “ನಿಂಗ ಆರಾಮಿಲ್ಲ ಅಂದ್ರು,” ಎಂದ.

“ಆರಾಮ ಇರಲೇ ಇಲ್ಲ. ಬೆಳಿಗ್ಗಿ ನಿಮ್ಮ ಫೋನ್ ಆದಾಗಿಂದ ತಲಿ ಸಿಡೀಲಿಕತ್ತಿತ್ತು. ಈಗ ಸ್ವಲ್ಪ ಹಗೂರಾಗ್ಯದ.”

ಆಗ ಗುರುಲಿಂಗಮ್ಮ ಹೂವಿನ ಬುಟ್ಟಿಯನ್ನು ತೊಟ್ಟಿಲ ಬಳಿ ಇಟ್ಟು ನಡೆದದ್ದನ್ನು ಹೇಳಿದರು. ಕಿಟಕಿಯಲ್ಲಿ ಸಾವಿನ ಮಾತು ಕೇಳಿ ಅವರು ಎದೆ ಒಡೆದುಕೊಂಡು ಶಹಾಬಾದಿಗೆ ಫೋನ್ ಮಾಡಿದ್ದರು. ಹಲೋ ಎಂದವಳು ಭಾಗ್ಯಜ್ಯೋತಿಯೇ. ನಿನ್ನ ಗಂಡ ಯಾರೋ ಮುಜೀಬ ಅನ್ನುವವನಿಗೆ ನಿನ್ನ ಸಾವಿನ ಸುದ್ದಿ ಹೇಳುತ್ತಿದ್ದ ಎಂದು ಇವರು ಹೇಳಿದಾಗ, ಅವಳು ಮುಜೀಬನಿಗೇ ಫೋನ್ ಹಚ್ಚಿ ಆಟದ ಕತೆ ಪೂರ್ತಿ ತಿಳಿದುಕೊಂಡಳು. ಆಮೇಲೆ ಗುರುಲಿಂಗಮ್ಮನಿಗೆ ಹೇಳಿದಳು: ನೀವೆಲ್ಲ ಹೆಂಗೂ ತೊಟ್ಟಿಲಿಗೆ ಬರ್ಲಿಕತ್ತೀರಿ, ಅವರನ್ನೂ ಕರ್ಕೊಂಡು ಬರ್ರಿ. ನಂಗ ಸ್ವಲ್ಪ ಆರಾಮಿಲ್ಲ ಅಂತ ಹೇಳ್ರಿ, ಸಾಕು.

“ನಾವ್ಯಾರೂ ಒಂದೂ ಸುಳ್ಳು ಹೇಳಿಲ್ಲಪ,” ಎಂದರು ನಾಗೇಂದ್ರಪ್ಪ. “ಏನೂ ಆಗಿಲ್ಲ, ಗಾಬರಿ ಆಗಬ್ಯಾಡ ಅಂತನೂ ಹೇಳೀವಿ.”

“ಲಗ್ನದ ದಿನ ಕ್ರಿಕೆಟ್ ನೋಡಿದ ಮಾತು ಮಾತ್ರ ನಂಗೂ ಗೊತ್ತಿರಲಿಲ್ಲ ನೋಡವ್ವ,” ಎಂದು ಗುರುಲಿಂಗಮ್ಮ ಭಾಗ್ಯಜ್ಯೋತಿಯ ಕಡೆ ತಿರುಗಿದರು.

ಭಾಗ್ಯಜ್ಯೋತಿ ಆರತಿ ತಟ್ಟೆ ಕೆಳಗಿಟ್ಟಳು. ಕೈ ಚಾಚಿದಳು. ಬಸವಲಿಂಗ ಫೋನು ಕೊಟ್ಟ. ಇನ್ನೊಂದು ಕೈಯಿಂದ ಅವಳು ಹೋಳಿಗೆಯ ಬುಟ್ಟಿ ಕೊಟ್ಟಳು.

ತೊಟ್ಟಿಲು ತೂಗಿದ್ದಾಯಿತು, ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದ್ದಾಯಿತು. ಬಸವಲಿಂಗ ಬೀಗರಿಗೆ ಬಗ್ಗಿ ಬಗ್ಗಿ ಬಡಿಸಿದ. ನಡು ನೋಯುತ್ತಿದ್ದರೂ ಹೆಂಡತಿಯ ಬಳೆ ಸಪ್ಪಳ ಕೇಳಿದಾಗಲೆಲ್ಲ ಅವನಿಗೆ ಹೋದ ಜೀವ ಬಂದ ಹಾಗಾಗುತ್ತಿತ್ತು. ಎರಡು ಪಂಕ್ತಿ ಎದ್ದ ಮೇಲೆ ಮೆಲ್ಲಗೆ ಒಳಮನೆಗೆ ಇಣುಕಿದ. ಹೆಂಗಸರೆಲ್ಲ ತೊಟ್ಟಿಲ ಸುತ್ತ ಕೂತು ಅವನ ಫೋನಿನ ಮೇಲೆ ಬಗ್ಗಿದ್ದರು. ಉಮಾದೇವಿ ಇಂಗ್ಲಿಷಿನ ಕತೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು.

“ಮೊದಲಿಂದ ಚಾಲೂ ಮಾಡೀವಿ,” ಎಂದಳು ಭಾಗ್ಯಜ್ಯೋತಿ ಸಂತೋಷದಿಂದ. “ಹಳೇದು ಅಳಿಸಲೇನು ಅಂತ ಕೇಳ್ತು, ಹೂಂ ಅಂದೆ. ಗೆಳತಿ ಬದಲಿ ಗೆಳೆಯನ್ನ ಇಟ್ಕೋಬಹುದಂತ. ಹೆಸರು ಕೇಳ್ತು. ಬ್ಯಾರೆ ಗಂಡಸಿನ ಹೆಸರು ಬರದ್ರ ನೀವು ತಪ್ಪು ತಿಳೀತೀರಿ ಅಂತ ನಿಮ್ಮದೇ ಬರದೆ.”

ಬಸವಲಿಂಗ ಬುಟ್ಟಿಯನ್ನು ಎದೆಗೆ ಒತ್ತಿಕೊಂಡ. “ಎಲ್ಲಿತನ ಬಂದೀರಿ?”

“ಈಗಷ್ಟೇ ಸತ್ತಿ ನೋಡಪ, ಸೇತುವಿ ಮ್ಯಾಲ,” ಎಂದರು ಗುರುಲಿಂಗಮ್ಮ.

“ಹಿಂದಕ್ಕ ಹೋಗಿ ಉಳಸ್ತೀರೇನು ಅಂತ ಕೇಳ್ಲಿಕತ್ತದ,” ಎಂದು ಉಮಾದೇವಿ ಓದಿದರು.

ಎಲ್ಲರೂ ಭಾಗ್ಯಜ್ಯೋತಿಯ ಮುಖ ನೋಡಿದರು. ಅವಳು ಫೋನು ನೋಡಿದಳು, ಬುಟ್ಟಿ ಹಿಡಿದು ನಿಂತ ಗಂಡನನ್ನು ನೋಡಿದಳು.

“ಇನ್ನೂ ಒಂದು ಪಂಕ್ತಿ ಉಳಿದದ. ಎಲ್ಲರ ಊಟ ಆಗ್ಲಿ, ಆಮ್ಯಾಲ ನೋಡೂಣು,” ಎಂದು ಫೋನನ್ನು ಕೂಸು ಹೊದ್ದ ದುಪ್ಪಟಿಯ ಕೆಳಗೆ ಇಟ್ಟಳು.

ಬಸವಲಿಂಗ ಹೋಳಿಗೆಯ ಬುಟ್ಟಿ ಹಿಡಿದುಕೊಂಡೇ ಶಾಮಿಯಾನದ ಕಡೆ ನಡೆದ.