ಭಾವನವರು ಬೆಂಕಿ ವಿಮೆ ಆರಿಸಿದ್ದು

ನಮ್ಮ ಭಾವನವರಷ್ಟು ಶ್ರದ್ಧೆಯಿಂದ ಬೆಂಕಿಯನ್ನು ನೆನೆಯುವವರು ಹೋಮ ಮಾಡಿಸುವ ಪುರೋಹಿತರಲ್ಲೂ ಸಿಕ್ಕಲಾರರು! ವ್ಯತ್ಯಾಸ ಇಷ್ಟೇ, ಅವರು ಹೊತ್ತಿಸಲು ನೆನೆಯುತ್ತಾರೆ, ಇವರು ಆರಿಸಲು. ಮೊಮ್ಮಗಳ ಬರ್ತ್‌ಡೇ ಕೇಕಿಗೆ ಕ್ಯಾಂಡಲ್ ಹಚ್ಚಬೇಕಾದರೆ ಪಕ್ಕದಲ್ಲಿ ಮರಳಿನ ಬಕೆಟ್ ಇರಲೇಬೇಕು. ಒಂದು ವರ್ಷ ಮಗು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಇವರೇ ಒಂದು ಹಿಡಿ ಎರಚಿಬಿಟ್ಟರು. ಕೇಕು ಬಾಯಲ್ಲಿ ಕರಕರ ಎನ್ನುತ್ತಿತ್ತು. "ಸೇಫಾಗಿದೆ, ತಿನ್ರಿ" ಎಂದರು.

ಚಿನ್ನದ ಗಣಿಯ ರೆಸ್ಕ್ಯೂ ತಂಡದಲ್ಲಿದ್ದವರು ಇವರು. ಗಣಿ ಮುಚ್ಚಿತು, ಅಭ್ಯಾಸ ಮುಚ್ಚಲಿಲ್ಲ. ಚಾಂಪಿಯನ್ ರೀಫ್ಸ್ ಎಂಬ ಗಣಿ ಕಾಲೊನಿಯ ನಮ್ಮ ಮನೆಯ ಬಾಗಿಲ ಪಕ್ಕ ಒಂದು ಹಲಗೆ ಹೊಡೆದಿದ್ದಾರೆ. ಅದರಲ್ಲಿ ಎರಡು ಸಾಲು ಮೊಳೆ: ಒಂದು 'ಒಳಗೆ', ಇನ್ನೊಂದು 'ಹೊರಗೆ'. ಮನೆಯವರಿಗೆಲ್ಲ ಒಂದೊಂದು ಹಿತ್ತಾಳೆ ಬಿಲ್ಲೆ. ಗಣಿಗೆ ಇಳಿಯುವವರ ಲೆಕ್ಕ ಇಡುತ್ತಿದ್ದ ರೀತಿಯಂತೆ! "ಏನಾದ್ರೂ ಆದ್ರೆ, ಒಳಗೆ ಯಾರು ಉಳಿದವ್ರೆ ಅಂತ ಬಿಲ್ಲೆ ಯೇಳ್ತದಮ್ಮ" ಎನ್ನುತ್ತಾರೆ. ಕೊತ್ತಂಬರಿ ಸೊಪ್ಪು ತರಲು ಹೋಗುವಾಗಲೂ ಬಿಲ್ಲೆ ಬದಲಿಸಿ ಹೋಗಬೇಕು. ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಡಿಪೋರ್ಟ್‌ಮೆಂಟ್, ಅಂದರೆ ನಿಲ್ಲುವ ನಡೆಯುವ ಠೀವಿ, ಕಲಿತ ನಾನು ಸೊಪ್ಪಿಗೆ ಹೋಗಲು ಅಟೆಂಡೆನ್ಸ್ ಹಾಕುವುದೆ? ರಿಡಿಕ್ಯುಲಸ್! ಒಂದು ದಿನವೂ ಮುಟ್ಟಲಿಲ್ಲ. ನನ್ನ ಬೆನ್ನ ಹಿಂದೆ ಅವರೇ ಬದಲಿಸುತ್ತಿದ್ದರು.

"ಇವರನ್ನ ಕಟ್ಕೊಂಡಿದ್ದಕ್ಕೆ ನಂಗೆ ಯಾವ ಇನ್ಶೂರೆನ್ಸೂ ಇಲ್ವಲ್ಲೇ" ಎಂದು ನಮ್ಮ ಅಕ್ಕ, ಅಂದರೆ ಅವರ ಹೆಂಡತಿ, ನನ್ನ ಹತ್ತಿರ ಗೊಣಗುವುದು ಸುಮ್ಮನೆ ಅಲ್ಲ.

ಇನ್ಶೂರೆನ್ಸ್ ಮಾತು ಬಂತಲ್ಲ, ವಿಷಯ ಅದೇ. ಕಾಮಸಮುದ್ರದ ಕಡೆ ಒಂದು ಹಳ್ಳಿಯಲ್ಲಿ ಭಾವನವರ ನಾಲ್ಕು ಹೆಂಚಿನ ಮನೆಗಳಿವೆ. ಒಂದಕ್ಕೊಂದು ಅಂಟಿಕೊಂಡ ವಠಾರ. ಬಾಡಿಗೆಗೆ ಇರುವವರೆಲ್ಲ ಕೂಲಿಯವರು. ಎಲ್ಲರದೂ ಸೌದೆ ಒಲೆ. ಹಿಂದುಗಡೆ ನಾಲ್ಕು ಮನೆಗೂ ಸೇರಿಸಿ ತೆಂಗಿನ ಗರಿಯ ಒಂದೇ ಚಪ್ಪರ. ಕೊನೆಯ ಮನೆಯ ಮುನೆಮ್ಮ ಹೊಲಿಗೆಯವಳು, ಗಂಡ ಬಿಟ್ಟುಹೋಗಿದ್ದಾನೆ, ಈಗ ಮಷೀನೇ ಗಂಡ. ಇದ್ದಿಲು ತುಂಬಿದ ಇಸ್ತ್ರಿಪೆಟ್ಟಿಗೆ ಬೇರೆ! ಅದನ್ನು ನೋಡಿ ಬಂದ ದಿನವೇ ಭಾವನವರು ಘೋಷಿಸಿದರು: "ಬೆಂಕಿ ಪಾಲಿಸಿ ಮಾಡಿಸ್ಬೇಕು. ಒಳ್ಳೇದು ಆರಿಸ್ಬೇಕು. ನೀನು ಇಂಗ್ಲಿಷು ಓದು, ನಾನು ಮನುಷ್ಯನ್ನ ಓದ್ತೀನಿ." ಅಂತೂ ಈ ವಯಸ್ಸಿನಲ್ಲಿ ನನ್ನ ಇಂಗ್ಲಿಷಿಗೆ ಒಂದು ಕೆಲಸ ಸಿಕ್ಕಿತು!

ಮೊದಲು ಬಂದವರು ಟೈ ಕಟ್ಟಿದ ಏಜೆಂಟರು.

"ಬೆಂಕಿ ಬಿದ್ರೆ ಏನ್ ಕೊಡ್ತೀಯ ತಂಬಿ?"

"ಗೋಡೆ, ಹೆಂಚು, ಬಾಗ್ಲು, ಎಲ್ಲಾದಕ್ಕೂ ಕೊಡ್ತೀವಿ ಸಾರ್."

"ಮಷೀನ್‌ಗೆ?"

"ಯಾವ ಮಷೀನು ಸಾರ್?"

"ಮುನೆಮ್ಮಂದು."

"ಅದು ನಿಮ್ದಲ್ವಲ್ಲ ಸಾರ್. ಸುಟ್ರೆ ನಿಮ್ಗೇನು ನಷ್ಟ?"

ಭಾವನವರು ಅವರ ಕೈಯಿಂದ ಅರ್ಧ ಕುಡಿದ ಕಾಫಿ ಲೋಟವನ್ನೇ ವಾಪಸು ತೆಗೆದುಕೊಂಡರು. ಶೇಮ್‌ಫುಲ್, ಆದರೆ ಏನು ಮಾಡುವುದು?

ಎರಡನೆಯವರು ಬಂಗಾರಪೇಟೆಯಿಂದ ಬಂದ ಹೆಂಗಸು. ಹೋಳಿಗೆಯಂಥ ಮಾತು. ಮಷೀನು? "ಕೊಡ್ತೀವಿ ಸಾರ್." ಚಪ್ಪರ? "ಅದನ್ನೂ ಕೊಡ್ತೀವಿ." ಭಾವನವರು ಮುಂದಕ್ಕೆ ಬಾಗಿದರು. "ನಮ್ ಕಡೆ ಆನೆ ಬತ್ತವೆ. ಆನೆ ಬಂದು ಒಲೆ ಒದ್ದು, ಅದ್ರಿಂದ ಬೆಂಕಿ ಬಿದ್ರೆ? ಅದು ಆನೆ ಲೆಕ್ಕವೋ, ಬೆಂಕಿ ಲೆಕ್ಕವೋ?"

"ಎರಡಕ್ಕೂ ಕೊಡ್ತೀವಿ ಸಾರ್!"

ಆಕೆ ಹೋದ ಮೇಲೆ ಭಾವನವರು ತಲೆ ಆಡಿಸಿದರು. "ಇವತ್ತು ಎಲ್ಲಾದಕ್ಕೂ ಊಂ ಅನ್ನೋಳು ನಾಳೆ ಎಲ್ಲಾದಕ್ಕೂ ಊಹೂಂ ಅಂತಾಳೆ ಕಣಮ್ಮ."

ಮೂರನೆಯವರು ನಮ್ಮ ವಯಸ್ಸಿನವರೇ, ಹರಳೆಣ್ಣೆ ಕುಡಿದವರ ಮುಖ. ಚಪ್ಪರ? "ಆಗಲ್ಲ. ಗರಿ ಇರೋವರೆಗೂ ಪಾಲಿಸಿ ಮಾತೇ ಬೇಡ." ಮಷೀನು? "ನಿಮ್ಮ ಪಾಲಿಸೀಲಿ ಇಲ್ಲ. ಆಯಮ್ಮನೇ ಬೇರೆ ಮಾಡಿಸ್ಬೇಕು, ಮಷೀನಿನ ಹೆಸರು ಹಾಕಿ ಬರೆಸ್ಬೇಕು." ಆನೆ? ಅವರು ಕನ್ನಡಕ ತೆಗೆದು ಬಹಳ ಹೊತ್ತು ಭಾವನವರನ್ನು ನೋಡಿದರು. "ಆನೇನ ಕೇಳ್ಕೊಳ್ಳಿ."

ಭಾವನವರು ಕುರ್ಚಿಯಿಂದ ಎದ್ದು ಕೈ ಕುಲುಕಿದರು! "ಇವನೇ ನಮ್ಮೋನು! ಇಲ್ಲ ಅಂತ ಮುಖದ ಮೇಲೆ ಯೇಳೋ ಗಂಡಸು! ಅಮ್ಮಾ, ಇನ್ನೊಂದು ಕಾಫಿ!"

ಮರುದಿನವೇ ಚಪ್ಪರ ಬಿಚ್ಚಿಸಿ ತಗಡಿನ ಶೀಟು ಹಾಕಿಸಿದರು. ನಾಲ್ಕು ಮನೆಯ ಬಾಗಿಲಿಗೂ ಬಿಲ್ಲೆ ಹಲಗೆ ಬಂತು. ಗೌರಿಹಬ್ಬಕ್ಕೆ ಎಂದಿನಂತೆ ವಠಾರದ ಹೆಂಗಸರಿಗೆ ಬಾಗಿನ ಕೊಡುವ ದಿನ, ಮುನೆಮ್ಮನ ತಟ್ಟೆಯಲ್ಲಿ ಎಲೆ ಅಡಿಕೆ, ಅರಿಶಿನ ಕುಂಕುಮ, ಸೀರೆ ಇರಬೇಕಾದ ಕಡೆ ಅವಳ ಹೆಸರಿನ ಪಾಲಿಸಿ! ಪ್ರೀಮಿಯಮ್ ಇವರೇ ಕಟ್ಟಿದ್ದರು.

"ಏನಣ್ಣಾ ಇದು? ಅಬ್ಬದ ದಿನ ಬೆಂಕಿ ಮಾತಾ? ಸೀರೆ ಕೊಟ್ಟಿದ್ರೆ ಉಟ್ಕೊಂಡು ಮದ್ವೇಗಾದ್ರೂ ಓಗ್ತಿದ್ದೆ. ಇದನ್ನ ಉಟ್ಕೊಂಡು ಎಲ್ಲಿಗ್ ಓಗ್ಲಿ?" ಎಂದು ಮುನೆಮ್ಮ ಮುಖ ಊದಿಸಿಕೊಂಡಳು. ನಾನೂ ಅವಳ ಪಕ್ಷವೇ. ಬಾಗಿನಕ್ಕೆ ಕಾಗದ ಕೊಡುವುದುಂಟೆ? ನೋ ಟೇಸ್ಟ್ ಅಟ್ ಆಲ್!

ಬೇಸಗೆಯ ಒಂದು ಮಧ್ಯಾಹ್ನ ಫೋನು ಬಂತು. ಮುನೆಮ್ಮ ನೀರಿಗೆ ಹೋಗಿದ್ದಾಗ ಇಸ್ತ್ರಿಪೆಟ್ಟಿಗೆಯ ಕಿಡಿ ಬಟ್ಟೆಯ ರಾಶಿಗೆ ಹಾರಿ ಮನೆ ಹೊತ್ತಿಕೊಂಡಿದೆ! ಆಟೋದಲ್ಲಿ ನಾನೂ ಹೋದೆ. ಇಳಿದ ಭಾವನವರು ಉರಿಯುವ ಮನೆಯತ್ತ ನೋಡಲೇ ಇಲ್ಲ! ಜನರನ್ನು ಸರಿಸಿಕೊಂಡು ನೇರ ಹಲಗೆಗಳ ಹತ್ತಿರ ಹೋದರು. ಒಂದೊಂದು ಬಾಗಿಲಿನ ಬಿಲ್ಲೆಯನ್ನೂ ಮುಟ್ಟಿ ನೋಡಿದರು. ಎಲ್ಲವೂ 'ಹೊರಗೆ'. ಆಮೇಲೆ ಹುಣಸೆಮರದ ಬುಡದಲ್ಲಿ ಕುಳಿತು ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು.

"ಎಲ್ಲಾ ಒರಗವ್ರೆ. ಇನ್ನು ಉರೀಲಿ ಬುಡಮ್ಮ, ಪಾಲಿಸಿ ಐತೆ!"

ಆದರೆ ಬೆಂಕಿ ಅಷ್ಟು ಉರಿಯಲೂ ಇಲ್ಲ. ಗರಿಯ ಚಪ್ಪರ ಇದ್ದಿದ್ದರೆ ನಾಲ್ಕೂ ಮನೆ ಸಾಲಾಗಿ ಹೋಗುತ್ತಿದ್ದವು. ಈಗ ಸುಟ್ಟದ್ದು ಒಂದರ ಹೆಂಚು, ಬಟ್ಟೆ, ಮತ್ತು ಮಷೀನು. ಹರಳೆಣ್ಣೆ ಮುಖದ ಏಜೆಂಟರೇ ಸರ್ವೇಯರನ್ನು ಕರೆತಂದು ನಿಂತರು. ಅಂದು ಅವರ ಬಾಯಲ್ಲಿ 'ಇಲ್ಲ' ಎಂಬ ಪದವೇ ಬರಲಿಲ್ಲ. ಮನೆಯ ಕ್ಲೇಮೂ ಬಂತು, ಮುನೆಮ್ಮನದೂ ಬಂತು. ಹೊಸ ಮಷೀನಿಗೆ ಹೂ ಮುಡಿಸಿದ ದಿನ ಇಡೀ ವಠಾರ ಸೇರಿತ್ತು. ಭಾವನವರು ಗಣಿಯಿಂದ ಚಿನ್ನದ ಗಟ್ಟಿ ಹೊತ್ತು ತಂದವರಂತೆ ನಿಂತಿದ್ದರು.

"ಈಗ್ಲೂ ಸೀರೆ ಬೇಕಿತ್ತೇನಮ್ಮ?"

"ಅಯ್ಯೋ ಬುಡಣ್ಣಾ! ಸೀರೆ ಕೊಟ್ಟಿದ್ರೆ ಅದೂ ಸುಟ್ಟೋಗಿರೋದು!"

ಆ ಸಂಜೆ ಖುಷಿಯಲ್ಲಿ ಭಾವನವರು ನಮ್ಮ ಮನೆಯ ಬಿಲ್ಲೆಗಳನ್ನೆಲ್ಲ ಇಳಿಸಿಕೊಂಡು ಹುಣಸೆಹಣ್ಣು ಹಾಕಿ ತಿಕ್ಕುತ್ತಾ ಕುಳಿತರು. ನಾನು ಅವುಗಳನ್ನು ಹತ್ತಿರದಿಂದ ನೋಡಿದ್ದು ಅಂದೇ. ಮನೆಯಲ್ಲಿ ಇರುವುದು ನಾವು ಮೂವರು. ಬಿಲ್ಲೆಗಳು ನಾಲ್ಕು.

"ಇದು ಯಾರದು ಭಾವ?"

ಅವರು ತಲೆ ಎತ್ತಲಿಲ್ಲ. "ನಿನ್ ಗಂಡಂದು."

ನನ್ನ ಯಜಮಾನರು, ಇವರ ತಮ್ಮ, ತೀರಿಕೊಂಡು ಎಷ್ಟೋ ವರ್ಷವಾಯಿತು. ಅಷ್ಟೂ ವರ್ಷ ಆ ಬಿಲ್ಲೆ 'ಒಳಗೆ' ಸಾಲಿನಲ್ಲೇ ತೂಗುತ್ತಿತ್ತು, ನನ್ನದರ ಪಕ್ಕ.

"ಒರಗೆ ಅನ್ನೋ ಮೊಳೆಗೆ ಆಕೋಕೆ ಕೈ ಬರ್ಲಿಲ್ಲಮ್ಮ" ಎಂದರು.

ಒದ್ದೆ ಬಿಲ್ಲೆಯನ್ನು ಸೆರಗಿನಲ್ಲಿ ಒರೆಸಿ, ಅದು ಇದ್ದ ಮೊಳೆಗೇ ಹಾಕಿದೆ.

ಮರುದಿನ ಬೆಳಿಗ್ಗೆ ಕೊತ್ತಂಬರಿ ಸೊಪ್ಪಿಗೆ ಹೊರಟೆ. ಗೇಟಿನವರೆಗೂ ಹೋದವಳು ಹಿಂದಕ್ಕೆ ಬಂದು, ನನ್ನ ಬಿಲ್ಲೆ ತೆಗೆದು 'ಹೊರಗೆ' ಹಾಕಿದೆ. ಪೇಪರಿನ ಹಿಂದಿನಿಂದ ಭಾವನವರ ದನಿ ಬಂತು:

"ಬೇಗ ಬಾರಮ್ಮ. ನೋಡ್ತಿರ್ತೀವಿ."