ಮೇಷ್ಟ್ರ ಅಸಲಿ ಸ್ಕೂಟರ್

ತರ್ಕಶಾಸ್ತ್ರದ ಮೇಷ್ಟ್ರ ಹಸಿರು ಸ್ಕೂಟರಿನಲ್ಲಿ ಹಳೆಯದೆಂದು ಉಳಿದಿದ್ದುದು ಎಡಗಡೆಯ ಕನ್ನಡಿ ಒಂದೇ. ಭಾನುವಾರ ಬೆಳಿಗ್ಗೆ ಅದೂ ಒಡೆಯಿತು. ಮೆಕ್ಯಾನಿಕ್ ಮನೆ ಮುಂದೆಯೇ ಕುಕ್ಕರಗಾಲಲ್ಲಿ ಕೂತು ಹೊಸದನ್ನು ಹಾಕಿದ. ಇಂಜಿನ್ನು, ಚಕ್ರ, ಸೀಟು, ಬಾಡಿ ಎಲ್ಲವನ್ನೂ ಇಷ್ಟು ವರ್ಷಗಳಲ್ಲಿ ಒಂದೊಂದಾಗಿ ಬದಲಾಯಿಸಿದವನೂ ಅವನೇ.

ಹೊಸ ಕನ್ನಡಿಯಲ್ಲಿ ಮೇಷ್ಟ್ರು ಮೀಸೆ ತೀಡಿಕೊಳ್ಳುತ್ತಿದ್ದಾಗ ಹಿಂದೆ ಇನ್ನೊಂದು ಹಸಿರು ಸ್ಕೂಟರ್ ಕಂಡಿತು. ನಂಬರ್ ಪ್ಲೇಟಿಲ್ಲದೆ, ದಮ್ಮು ಹತ್ತಿದ ಮುದುಕನಂತೆ ಕೆಮ್ಮುತ್ತ ಬಂದು ನಿಂತ ಆ ಗಾಡಿಯ ಮೇಲೆ ಎದುರುಮನೆಯ ಫೋಟೋಗ್ರಾಫರ್ ಕೂತಿದ್ದ. ಅದರ ಹರಿದ ಸೀಟೂ ಮೂತಿಯ ನೆಗ್ಗೂ ಮೇಷ್ಟ್ರಿಗೆ ಚಿರಪರಿಚಿತ.

“ಇದು ನನ್ನ ಗಾಡಿ,” ಎಂದರು.

ಮೆಕ್ಯಾನಿಕ್ ತಲೆ ಕೆರೆದುಕೊಂಡ. “ಹಳೇ ಸಾಮಾನು ನೀನೇ ಇಟ್ಕೋ ಅಂದಿದ್ರಲ್ಲ ಸಾರ್. ಎಲ್ಲಾ ಸೇರಿಸಿ ಇವ್ರಿಗೆ ಕೊಟ್ಟೆ.”

“ಸಾಮಾನು ಕೊಟ್ಟೆ ಕಣಯ್ಯ. ಸ್ಕೂಟರ್ ಕೊಟ್ಟೆನಾ?”

ಬಾಗಿಲಲ್ಲಿ ನಿಂತ ಹೆಂಡತಿ, “ಓಡೋದು ಒಂದಿದೆಯಲ್ಲ, ಸುಮ್ನೆ ಒಳಗೆ ಬನ್ರೀ,” ಎಂದಳು. ಆದರೆ ಒಂದೇ ವಾದದಿಂದ ಎರಡು ಸ್ಕೂಟರ್ ಸಿಗುವ ಸುಯೋಗವನ್ನು ಯಾವ ಮೇಷ್ಟ್ರು ಬಿಟ್ಟಾರು?

ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಬಂದ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಕರೆಯದಿದ್ದರೂ ನ್ಯಾಯಾಧೀಶರಾದರು. “ಹಾಗಾದ್ರೆ ನೀವು ದಿನಾ ಓಡಿಸೋದು ಯಾವುದು?”

“ಅದು ಬರೀ ನಕಲು,” ಎಂದು ಮೇಷ್ಟ್ರು ಗುಡುಗಿದರು. “ಅಸಲಿನ ಒಂದು ತಿರುಪೂ ಅದರಲ್ಲಿಲ್ಲ.”

ಫೋಟೋಗ್ರಾಫರ್ ಮೊದಲು ಹಾರಾಡಿದ. ಅಷ್ಟರಲ್ಲಿ ಅವನಿಗೆ ಫೋನು ಬಂತು. ಆಚೆ ಹೋಗಿ ಮಾತಾಡಿ ಬಂದವನು ಕರಗಿದ ಬೆಣ್ಣೆಯಾಗಿದ್ದ.

“ನಿಮ್ಮ ಮಾತೇ ಸರಿ ಮೇಷ್ಟ್ರೇ. ಅಂದ್ರೆ ಇದು ಇವತ್ತಿಗೆ ಮಾತ್ರ ಅಲ್ಲ, ನಿನ್ನೆನೂ ನಿಮ್ದೇ, ಅಲ್ವಾ?”

“ನಿನ್ನೆ, ಮೊನ್ನೆ, ಯಾವತ್ತೂ. ಕಾಲಕ್ಕೂ ಅಸಲಿಗೂ ಸಂಬಂಧವಿಲ್ಲ.”

“ಎಲ್ಲರೂ ಕೇಳಿಸ್ಕೊಂಡ್ರಲ್ಲ,” ಎಂದು ಅವನು ಕೀಲಿಯನ್ನು ಮೇಷ್ಟ್ರ ಅಂಗೈಯಲ್ಲಿಟ್ಟ.

ಮೇಷ್ಟ್ರು ಗೆದ್ದ ಕುಸ್ತಿಪಟುವಿನಂತೆ ಹರಿದ ಸೀಟಿನ ಮೇಲೆ ಕೂತಿದ್ದಾಗಲೇ ಪೊಲೀಸ್ ಪೇದೆ ಬಂದ.

“ಪ್ಲೇಟಿಲ್ಲದ ಹಸಿರು ಸ್ಕೂಟರ್ ಇದೇನಾ? ನಿನ್ನೆ ಇಳಿಜಾರಲ್ಲಿ ತಾನಾಗೇ ಉರುಳಿ ಇನ್‌ಸ್ಪೆಕ್ಟರ್ ಸಾಹೇಬ್ರ ಹೊಸ ಕಾರಿಗೆ ಗುದ್ದಿದೆ. ಯಾರ್ದಿದು?”

ಬೀದಿಯೆಲ್ಲ ಒಂದೇ ಬೆರಳಾಗಿ ಮೇಷ್ಟ್ರನ್ನು ತೋರಿಸಿತು.

ಮೇಷ್ಟ್ರು ಸೀಟಿನಿಂದ ಜಿಗಿದಿಳಿದರು. “ನೋಡಿ, ವಸ್ತು ಅಂದ್ರೆ ಬಿಡಿಭಾಗಗಳಲ್ಲ, ಅದರ ನಿರಂತರತೆ. ಆ ದೃಷ್ಟಿಯಿಂದ ಅಲ್ಲಿ ನಿಂತಿದೆಯಲ್ಲ, ಆ ಗಾಡಿನೇ ನನ್ನದು. ಇದು ಬರೀ ಗುಜರಿ.”

“ಅದು ನಕಲು ಅಂತ ನೀವೇ ಅಂದ್ರಲ್ಲ,” ಎಂದು ಪೋಸ್ಟ್‌ಮಾಸ್ಟರು ನೊರೆಯ ನಡುವಿನಿಂದ ನೆನಪಿಸಿದರು.

ಪೇದೆಯ ಕಿವಿ ನಿಮಿರಿತು. “ನಕಲಿ ಗಾಡಿನೂ ಇಟ್ಕೊಂಡಿದ್ದೀರಾ? ಹಾಗಾದ್ರೆ ಅದೂ ಸ್ಟೇಷನ್‌ಗೆ ಬರ್ಲಿ.”

ಹೊಸ ಕನ್ನಡಿಯ ಸ್ಕೂಟರನ್ನು ಒಂದೇ ಒದೆತಕ್ಕೆ ಚಾಲು ಮಾಡಿ ಅವನು ಹತ್ತಿದ. ಹಳೆಯದು ಮಾತ್ರ ಕೆಮ್ಮಲೂ ಒಪ್ಪಲಿಲ್ಲ. ಹೆಂಡತಿ ಹಣೆ ಚಚ್ಚಿಕೊಂಡು ಒಳಗೆ ಹೋದಳು. ಮೇಷ್ಟ್ರು ಅಸಲಿ ಸ್ಕೂಟರನ್ನು ತಳ್ಳಿಕೊಂಡು ಏರು ಹತ್ತತೊಡಗಿದಾಗ ಫೋಟೋಗ್ರಾಫರ್ ಕ್ಯಾಮೆರಾ ಹಿಡಿದು ಎದುರಿಗೆ ಬಂದ.

“ಸ್ಟೇಷನ್‌ಗೆ ಗಾಡಿ ಜೊತೆ ಮಾಲೀಕರ ಫೋಟೋ ಬೇಕಂತೆ ಮೇಷ್ಟ್ರೇ. ಸ್ವಲ್ಪ ನಗಿ.”